ವಿಶ್ವವಿದ್ಯಾಲಯಕ್ಕೆ ಬಡಿಸಿದ ಸಾಂಬಾರು

ಮನುಷ್ಯನು ಕಣ್ಣು ಬಿಟ್ಟ ಗಳಿಗೆಯಿಂದ ಕಣ್ಣು ಮುಚ್ಚುವ ಗಳಿಗೆಯವರೆಗೆ ಕಲಿಯುತ್ತಲೇ ಇರುತ್ತಾನೆ. ಕಲಿತದ್ದಕ್ಕೆ ಆಗಿಂದಾಗ ರಸೀದಿ ತೆಗೆದಿಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿಕೊಡುವುದಿಲ್ಲ. ನನಗೆ ಈ ಸಂಗತಿ ತಿಳಿದದ್ದು ಅರವತ್ತರ ಹೊಸ್ತಿಲಿನಲ್ಲಿ, ಅದೂ ನಮ್ಮ ಮನೆಬಾಗಿಲಿನ ಹಿತ್ತಾಳೆ ಫಲಕದ ದೆಸೆಯಿಂದ.

ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯಲ್ಲಿ ಫ್ಲ್ಯಾಟು ಕೊಂಡಾಗ ಬಾಗಿಲಿಗೆ ಆ ಫಲಕ ಮಾಡಿಸಿದೆವು. ಮೇಲಿನ ಸಾಲಿನಲ್ಲಿ ನನ್ನ ಹೆಸರು, ಕೆಳಗಿನದರಲ್ಲಿ ಹೆಂಡತಿಯದು. ಸುಮತಿ ಎಂ.ಎ. ಓದಿದವಳಾದ್ದರಿಂದ ಕೆಳಗಿನ ಸಾಲು ಅಂಚಿನವರೆಗೆ ನಡೆದು, ಎರಡು ಚುಕ್ಕಿ ಇಟ್ಟು, ಗಂಭೀರವಾಗಿ ನಿಂತುಕೊಂಡಿತು. ನನ್ನ ಸಾಲು ನಡುದಾರಿಯಲ್ಲೇ ಮುಗಿಯಿತು. ಮುಂದಿನದು ಬಟ್ಟ ಬಯಲು. ಎಷ್ಟೋ ಸಂಜೆ ಅಲ್ಲೊಂದು ಹಲ್ಲಿ ಬಂದು ಕೂರುತ್ತದೆ. ದೂರದಿಂದ ನೋಡಿದವರಿಗೆ ನನಗೂ ಏನೋ ಒಂದು ಪದವಿ ಇದ್ದಂತೆ ಕಾಣುತ್ತದೆ.

ಪದವಿ ಇಲ್ಲದಿರುವುದಕ್ಕೆ ನಾನು ದಡ್ಡನಾಗಿದ್ದುದು ಕಾರಣವಲ್ಲ. ಕಾರಣವಾಗುವಷ್ಟು ದಡ್ಡತನ ನನ್ನಲ್ಲಿತ್ತು, ಆದರೆ ಅದು ಪರೀಕ್ಷೆಗೆ ಬರುವ ಮೊದಲೇ ಮಾವನ ಕರೆ ಬಂತು. ಕುಂದಾಪುರದಲ್ಲಿ ನಾನು ಎರಡನೇ ಬಿ.ಕಾಂ. ಓದುತ್ತಿದ್ದಾಗ, ಅಹಮದಾಬಾದಿನ ನವರಂಗಪುರದಲ್ಲಿ ಹೋಟೆಲಿಟ್ಟಿದ್ದ ನನ್ನ ಸೋದರಮಾವ, ಗಲ್ಲಾದಲ್ಲಿ ಕೂರಲು ಜನವಿಲ್ಲ, ಎರಡು ತಿಂಗಳ ಮಟ್ಟಿಗೆ ಬಾ ಎಂದರು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಮಾವ ತೀರಿಕೊಂಡರು, ಹೋಟೆಲು ನನ್ನದಾಯಿತು, ಊರಿಗೆ ಊರೇ ನನ್ನನ್ನು ‘ಅಣ್ಣಾಭಾಯ್’ ಎಂದು ಕರೆಯತೊಡಗಿತು. ಎರಡು ಭಾಷೆಯಲ್ಲಿ ಅಣ್ಣನಾದರೂ ಒಂದು ಭಾಷೆಯಲ್ಲೂ ಪದವೀಧರನಾಗಲಿಲ್ಲ.

ಹೀಗಿರುವಾಗ, ವಡೋದರದ ವಿಶ್ವವಿದ್ಯಾಲಯದ ಒಂದು ಕಾಲೇಜಿನಲ್ಲಿ, ಕೆಲಸ ಮಾಡುತ್ತಲೇ ಕಲಿತ ವಿದ್ಯೆಗೂ ಕ್ರೆಡಿಟ್ ಕೊಡುತ್ತಾರೆ ಎಂಬ ಸುದ್ದಿಯನ್ನು ಬೆಳಗಿನ ಗಿರಾಕಿಯೊಬ್ಬರು ಇಡ್ಲಿಯ ಜೊತೆ ನನಗೇ ಬಡಿಸಿ ಹೋದರು. ವಿಚಾರಿಸಿದೆ. ಹೋಟೆಲ್ ನಿರ್ವಹಣೆಯ ಪದವಿ. ಲೆಕ್ಕಪತ್ರ, ಗ್ರಾಹಕ ಸೇವೆ, ಅಡುಗೆ ಈ ಮೂರನ್ನೂ ನಾನು ಮೊದಲೇ ಕಲಿತಿದ್ದೇನೆ ಎಂದು ತೋರಿಸಿಕೊಟ್ಟರೆ ಮೊದಲ ವರ್ಷ ಪೂರ್ತಿ ಮಾಫಿ. ನನ್ನ ವಯಸ್ಸಿನಲ್ಲಿ ಒಂದು ವರ್ಷವನ್ನು ಯಾರಾದರೂ ಮಾಫಿ ಮಾಡುತ್ತೇವೆಂದರೆ ಬೇಡವೆನ್ನುವವನು ಮೂರ್ಖ.

“ಅಲ್ಲ ಮಾರಾಯ್ರೆ, ಬೋರ್ಡಿನಲ್ಲಿ ಜಾಗ ಖಾಲಿ ಉಂಟು ಅಂತ ಯಾರಾದ್ರೂ ಡಿಗ್ರಿ ಮಾಡ್ತಾರಾ?” ಎಂದಳು ಸುಮತಿ. “ಸಣ್ಣ ಬೋರ್ಡು ಮಾಡಿಸಿದ್ರೆ ಮುಗೀತಲ್ಲ?”

ಎಂ.ಎ. ಆದವರಿಗೆ ಇಂಥ ಪರಿಹಾರಗಳು ಬೇಗ ಹೊಳೆಯುತ್ತವೆ. ಬಿಟ್ಟು ಬಂದ ತರಗತಿಯ ಬೆಂಚು ಆಗಾಗ ಕನಸಿನಲ್ಲಿ ಬರುತ್ತದೆ, ಅದರ ಮೇಲೆ ಬೇರೆ ಯಾರೋ ಕೂತಿರುತ್ತಾರೆ ಎಂದು ಹೇಳಬಹುದಿತ್ತು. ಅಂಥ ಮಾತನ್ನು ಹೇಳಿ ಅಭ್ಯಾಸವಿಲ್ಲ.

ಲೆಕ್ಕಪತ್ರ ಮತ್ತು ಗ್ರಾಹಕ ಸೇವೆಯ ಸಂದರ್ಶನಗಳು ಸುಸೂತ್ರವಾಗಿ ಮುಗಿದವು. ಉಳಿದದ್ದು ಅಡುಗೆ. ಒಂದು ಸಾಂಬಾರು ಮಾಡಿ ಬಡಿಸಬೇಕು, ಮತ್ತು ಅದನ್ನು ಹೇಗೆ ಕಲಿತಿರೆಂದು ಹೇಳಬೇಕು. ಇಷ್ಟೇ. ಇಲ್ಲಿ ನಾನು ಬೆಲ್ಲದ ವಿಷಯ ಹೇಳಲೇಬೇಕು.

ನಮ್ಮ ಕಡೆ ಹುಳಿಗೆ ಚೂರು ಬೆಲ್ಲ ಬೀಳುವುದುಂಟು. ಅದು ಸಂಕೋಚದ ಬೆಲ್ಲ. ತಾನಿದ್ದೇನೆ ಎಂದು ಹೇಳಿಕೊಳ್ಳುವುದಿಲ್ಲ. ಅಹಮದಾಬಾದಿಗೆ ಅದು ಸಾಲದು. ಮಾವ ನನಗೆ ಅಡುಗೆ ಹೇಳಿಕೊಟ್ಟದ್ದು ಒಲೆಯ ಮುಂದೆ ಅಲ್ಲ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ. “ಗಿರಾಕಿಯ ಮುಖ ನೋಡ್ಬೇಡ ಮಗಾ, ಮುಖ ಸುಳ್ಳು ಹೇಳ್ತದೆ. ವಾಪಸ್ ಬರುವ ಬಟ್ಟಲು ನೋಡು” ಎನ್ನುತ್ತಿದ್ದರು. ಬಟ್ಟಲಿನಲ್ಲಿ ಸಾಂಬಾರು ಉಳಿದು ಬಂದರೆ ಮರುದಿನ ಇನ್ನೊಂದು ತುಂಡು ಬೆಲ್ಲ. ಬಟ್ಟಲುಗಳು ಬರಿದಾಗಿ ಬರುವ ಹೊತ್ತಿಗೆ ನಮ್ಮ ಸಾಂಬಾರಿನ ಬೆಲ್ಲ ಸಂಕೋಚ ಬಿಟ್ಟು ಮೀಸೆ ತಿರುವುವ ಹಂತಕ್ಕೆ ಬಂದಿತ್ತು. ಊರಿನಿಂದ ನೆಂಟರು ಬಂದಾಗ ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದೆವು, ಬೆಲ್ಲದ ಸಾಂಬಾರನ್ನು ಅಡಗಿಸುತ್ತಿದ್ದೆವು.

ಸೂರತ್ತಿನ ಅಡಾಜಣ್‌ನಲ್ಲಿ ಹೋಟೆಲಿಟ್ಟಿರುವ ಸುಮತಿಯ ತಮ್ಮ ರಮೇಶನಿಗೆ ಫೋನು ಮಾಡಿದೆ.

“ಭಾವ, ದಮ್ಮಯ್ಯ, ಅಲ್ಲಿ ಬೆಲ್ಲ ಹಾಕ್ಬೇಡಿ!” ಅಂದ. “ಅವರು ದೊಡ್ಡ ಪ್ರೊಫೆಸರುಗಳು. ಅಸಲಿ ಯಾವುದು ಅಂತ ಪುಸ್ತಕದಲ್ಲಿ ಓದಿರ್ತಾರೆ. ನಮ್ಮ ಮಾನ ಹೋಗ್ತದೆ.”

“ನೀನು ಅಲ್ಲಿ ಎಷ್ಟು ಹಾಕ್ತೀಯ ಮಾರಾಯ?”

“ನನ್ನ ಸುದ್ದಿ ಬಿಡಿ. ನಾನು ಡಿಗ್ರಿ ಮಾಡ್ತಾ ಇಲ್ವಲ್ಲ!”

ಮಾತು ಸರಿಯೆನಿಸಿತು. ಹೊರಡುವ ಬೆಳಿಗ್ಗೆ ಸುಮತಿ ಚೀಲಕ್ಕೆ ಬೆಲ್ಲದ ಡಬ್ಬಿ ಹಾಕಿದಳು, ನಾನು ತೆಗೆದಿಟ್ಟೆ. “ಅದಿಲ್ಲದೆ ನಿಮ್ಮ ಕೈ ಓಡೂದಿಲ್ಲ, ನೋಡಿ” ಎಂದಳು. ನಾನು ಪರಂಪರೆಯ ಬಗ್ಗೆ ಎರಡು ಮಾತಾಡಿ ರೈಲು ಹತ್ತಿದೆ.

ವಡೋದರದ ಆ ಕಾಲೇಜಿನ ಅಡುಗೆಮನೆ ಆಸ್ಪತ್ರೆಯಷ್ಟು ಸ್ವಚ್ಛವಾಗಿತ್ತು. ಕೊತ್ತಂಬರಿ ಹುರಿದೆ, ತೆಂಗಿನಕಾಯಿ ಅರೆದೆ, ಇಂಗಿನ ಒಗ್ಗರಣೆ ಕೊಟ್ಟೆ. ಕುದಿ ಬಂದಾಗ ಬಲಗೈ ತನ್ನಷ್ಟಕ್ಕೆ ತಾನೇ ಎಡಗಡೆಯ ಕಪಾಟಿನತ್ತ ಹೋಯಿತು. ನನ್ನ ಹೋಟೆಲಿನಲ್ಲಿ ಬೆಲ್ಲ ಇರುವುದು ಅಲ್ಲಿ. ಕೈಯನ್ನು ಗದರಿಸಿ ಹಿಂದಕ್ಕೆ ಕರೆದುಕೊಂಡೆ. ಊರಿನವರು ಮೆಚ್ಚುವಂಥ ಸಾಂಬಾರು ಸಿದ್ಧವಾಯಿತು. ತೊಂದರೆಯೆಂದರೆ ಅಲ್ಲಿ ಊರಿನವರು ಯಾರೂ ಇರಲಿಲ್ಲ.

ಪರೀಕ್ಷಕರು ದವೆ ಮೇಡಂ, ಗುಜರಾತಿನವರೇ. ಒಂದು ಚಮಚ ಬಾಯಿಗಿಟ್ಟು, ಕಣ್ಣೆತ್ತಿ ನನ್ನನ್ನು ನೋಡಿದರು. “ಆ ತಮಾರೋ ಸಂಭಾರ್ ಛೇ?” ಎಂದರು. ಇದು ನಿಮ್ಮ ಸಾಂಬಾರೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಕೇಳಿದ ಧಾಟಿ ಬೇರೆಯವರ ಚಪ್ಪಲಿ ಮೆಟ್ಟಿ ಬಂದವನನ್ನು ಕೇಳುವ ಹಾಗಿತ್ತು. ಆಮೇಲೆ ಹಿಂದಿಯಲ್ಲಿ ಹೇಳಿದರು: ಓದುವ ಕಾಲದಲ್ಲಿ ಅವರು ನವರಂಗಪುರದ ಹಾಸ್ಟೆಲಿನಲ್ಲಿದ್ದರಂತೆ. ವಾರಕ್ಕೊಮ್ಮೆ ಗೆಳತಿಯರೆಲ್ಲ ನನ್ನ ಹೋಟೆಲಿಗೇ ಬಂದು, ದೋಸೆ ಒಂದು ತರಿಸಿ ಸಾಂಬಾರು ಮೂರು ಸಲ ಹಾಕಿಸಿಕೊಳ್ಳುತ್ತಿದ್ದರಂತೆ. “ಅದು ಎಲ್ಲಿ ಹೋಯಿತು, ಅಣ್ಣಾಭಾಯ್?”

“ಮೇಡಂ, ಅದು ಹೋಟೆಲಿಗೆ. ಇದು ಅಸಲಿ. ನಮ್ಮ ಅಜ್ಜಿ ಮಾಡುತ್ತಿದ್ದದ್ದು” ಎಂದೆ, ಎದೆ ಸ್ವಲ್ಪ ಮುಂದೆ ಮಾಡಿ.

“ಸರಿ. ಆದರೆ ಇದು ನೀವು ಬರುವಾಗಲೇ ತಂದದ್ದು. ಇಲ್ಲಿಗೆ ಬಂದು ಕೆಲಸ ಮಾಡುತ್ತಾ ಏನು ಕಲಿತಿರಿ? ನಾವು ಕೇಳಿದ್ದು ಅದನ್ನು.”

ಉತ್ತರ ನನಗೆ ಗೊತ್ತಿತ್ತು. ಮಾವ, ಕಟ್ಟೆ, ಬಟ್ಟಲು, ತುಂಡು ತುಂಡಾಗಿ ಏರಿದ ಬೆಲ್ಲ ಎಲ್ಲವೂ ನಾಲಿಗೆಯ ತುದಿಯವರೆಗೆ ಬಂದವು. ಆದರೆ ಇಷ್ಟು ಕಾಲ ಊರಿನವರಿಂದ ಮುಚ್ಚಿಟ್ಟದ್ದನ್ನು ಅಷ್ಟು ಸ್ವಚ್ಛವಾದ ಅಡುಗೆಮನೆಯಲ್ಲಿ ವಿದ್ಯೆಯೆಂದು ಕರೆಯಲು ಬಾಯಿ ಬರಲಿಲ್ಲ. ಶುಚಿತ್ವದ ಮಹತ್ವ ಕಲಿತೆ ಎಂದೆ. ಮೇಡಂ ಬರೆದುಕೊಳ್ಳಲಿಲ್ಲ.

ಅವರು ಸೌಜನ್ಯದವರು. “ಬಹುತ್ ಅಚ್ಛಾ” ಎಂದು ನಕ್ಕು ಎದ್ದರು. ಮುಖ ನೋಡಬಾರದೆಂದು ಮಾವ ಹೇಳಿದ್ದರಲ್ಲ, ನಾನು ಬಟ್ಟಲು ನೋಡಿದೆ. ಮುಕ್ಕಾಲು ಪಾಲು ಹಾಗೇ ಇತ್ತು. ನನ್ನ ಫಲಿತಾಂಶವನ್ನು ವಿಶ್ವವಿದ್ಯಾಲಯಕ್ಕಿಂತ ಮೊದಲು ಓದಿಕೊಂಡವನು ನಾನೇ. ಹಾಗೆ ಬಟ್ಟಲು ಓದಲು ಕಲಿಸಿದ ವಿದ್ಯೆಗೇ ಕ್ರೆಡಿಟ್ ಕೇಳಬೇಕಾಗಿತ್ತು ಎಂಬುದು ಆಣಂದ ಸ್ಟೇಷನ್ ದಾಟಿದ ಮೇಲೆ ಹೊಳೆಯಿತು. ನನಗೆ ಯಾವುದೂ ರೈಲು ಹೊರಡುವ ಮೊದಲು ಹೊಳೆದದ್ದಿಲ್ಲ.

ಮನೆಯಲ್ಲಿ ಸುಮತಿ ಚೀಲದಿಂದ ಉಳಿದ ಸಾಂಬಾರಿನ ಡಬ್ಬಿ ತೆಗೆದು, ರುಚಿ ನೋಡಿ, “ಇದೆಂತ, ಯಾರು ಮಾಡಿದ್ದು?” ಎಂದಳು. ಒಲೆಯ ಮೇಲಿಟ್ಟು ದೊಡ್ಡದೊಂದು ತುಂಡು ಬೆಲ್ಲ ಹಾಕಿದಳು. ಇಬ್ಬರೂ ಊಟ ಮಾಡಿದೆವು. ಬಟ್ಟಲು ಬರಿದಾದವು.

ಲೆಕ್ಕಪತ್ರಕ್ಕೆ, ಗ್ರಾಹಕ ಸೇವೆಗೆ ಕ್ರೆಡಿಟ್ ಬಂದಿದೆ. ಅಡುಗೆಗೆ ಬಂದಿಲ್ಲ. ಮೊದಲ ವರ್ಷದ ಪಾಕಶಾಸ್ತ್ರದ ತರಗತಿ ಶನಿವಾರ ಬೆಳಿಗ್ಗೆ ನಡೆಯುತ್ತದೆ. ನಾನು ಎರಡನೇ ಬೆಂಚಿನಲ್ಲಿ ಕೂರುತ್ತೇನೆ.