ಅತ್ತಿಯವರು ಕೇಳಿದ ದೆವ್ವದ ಕಾದಂಬರಿ

ನಮ್ಮ ಮನ್ಯಾಗ ಒಬ್ಬರೇ ಕೂತು ಪುಸ್ತಕ ಓದೂದು ಅಂದ್ರ ಆಗದ ಮಾತು. ಒಬ್ಬರು ತಗದ್ರು ಅಂದ್ರ ಮನಿ ಮಂದಿ, ಬಸ್ಸಿನ ಮಂದಿ, ತವರಿನ ಮಂದಿ ಎಲ್ಲಾ ಬಂದು ಅದರಾಗ ಕೂಡ್ತಾರ. ಹೋದ ವರ್ಷ ರಾಯಚೂರು ಬಸ್ ಸ್ಟ್ಯಾಂಡಿನಾಗ ಒಂದು ಕಾದಂಬರಿ ತಗೊಂಡೆ. ಲಗ್ನ ಆದ ಹೊಸದಾಗೇ ಗಂಡ ಲಾರಿ ಬಡದು ಸತ್ತುಬಿಡ್ತಾನ. ಆಮ್ಯಾಲೆ ದೆವ್ವಾಗಿ ಹೆಂಡ್ತಿ ಹತ್ರ ವಾಪಸ್ ಬರ್ತಾನ, ಆಕಿಗೊಬ್ಬಾಕಿಗೇ ಕಾಣಸ್ತಾನ. ಪ್ರೀತಿನೂ ಅದ, ದುಃಖಾನೂ ಅದ. ಮುಂದ ನಡದದ್ದಕ್ಕ ನಾ ಜವಾಬ್ದಾರಳಲ್ಲ.

೧. ದೇವದುರ್ಗದ ಬಸ್ಸು

ನಾ ದೇವದುರ್ಗದ ಕಾಲೇಜಿನಾಗ ಪಾಠ ಹೇಳ್ತೀನಿ. ದಿನಾ ರಾಯಚೂರಿನಿಂದ ಬಸ್ಸು. ಗಂಡ ಸಾಯೂ ಪುಟ ಬಂದದ್ದು ಬಸ್ಸಿನಾಗೇ. ಸುಮ್ಮನ ಕೂತು ಅಳ್ಲಿಕ್ಕತ್ತಿದ್ದೆ. ಬಾಜೂಕ ಕೂತಿದ್ದ ಹಳ್ಳಿ ಹೆಣಮಗಳು ನನ್ನ ಕೈ ಹಿಡಕೊಂಡ್ಲು.

“ಯಾರು ತೀರ್ಕೊಂಡ್ರವ್ವಾ?”

“ಗಂಡ” ಅಂದೆ. ಪುಸ್ತಕದ ಗಂಡ ಅಂತ ಹೇಳೂದ್ರಾಗ ಮತ್ತ ಅಳು ಬಂತು.

“ಯವ್ವಾ, ಇಷ್ಟು ಸಣ್ಣ ವಯಸ್ಸಿಗೆ!” ಅಂತ ಆಕಿ ನನ್ನ ತೆಕ್ಕಿಗೆ ತಗೊಂಡ್ಲು. ಕಂಡಕ್ಟರ್ ಹಾಡು ಬಂದ್ ಮಾಡಿಸಿದ. ಮುಂದಿನ ಸೀಟಿನವರು ನೀರಿನ ಬಾಟಲಿ ಕೊಟ್ರು. ಇನ್ನೇನು ನಿಜ ಹೇಳ್ಬೇಕು ಅನ್ನೂದ್ರಾಗ ಫೋನು ಬಂತು. ಮಾತಾಡಿ ಇಟ್ಟೆ.

“ಯಾರವ್ವಾ ಫೋನಿನ್ಯಾಗ?”

“ನನ್ನ ಗಂಡ.”

ಆಕಿ ಮುಖ ಬೆಳ್ಳಗಾತು. “ಏನ್... ಏನ್ ಬೇಕಂತ ಅವಗ?”

“ಸಂಜಿಗೆ ಬರೂ ಮುಂದ ಮಿರ್ಚಿ ಭಜಿ ಕಟ್ಟಿಸ್ಕೊಂಡು ಬಾ ಅಂದ್ರು.”

ಆಕಿ ಗಂಟು ತಗೊಂಡು ಎದ್ದಾಕಿ, ದೇವದುರ್ಗ ಬರೂ ತನಕ ಡ್ರೈವರ್ ಹತ್ರ ನಿಂತೇ ಇದ್ಲು.

೨. ಜಿಗದ ಸಾಲು

ಅವಾಗ ನಮ್ಮ ಮಾವನವರು ತೀರ್ಕೊಂಡು ಕೆಲವು ತಿಂಗಳಾಗಿತ್ತು. ಅತ್ತಿಯವರು ಒಂದು ಹನಿ ಕಣ್ಣೀರು ಹಾಕಿರ್ಲಿಲ್ಲ. ಮಾತೂ ಇಲ್ಲ. ಉಣ್ರಿ ಅಂದ್ರ ಉಣ್ಣೂದು, ಇಲ್ಲಾಂದ್ರ ಗ್ವಾಡಿ ನೋಡ್ಕೋತ ಕೂಡೂದು. ಎದಿಯೊಳಗ ಇಟ್ಕೊಂಡು ಇಟ್ಕೊಂಡು ಇವರಿಗೂ ಏನರೆ ಆದ್ರ ಹೆಂಗ ಅಂತ ನನಗ ಖರೇನ ಅಂಜಿಕಿ ಆಗಿತ್ತು.

ಒಂದು ಐತವಾರ ಮಧ್ಯಾಹ್ನ ನಾ ಓದ್ಕೋತ ಮೂಗು ಒರಸ್ಕೊಳ್ಳೂದು ನೋಡಿ, “ಏನದು?” ಅಂದ್ರು. ಹೇಳಿದೆ. “ಜೋರಾಗಿ ಓದು” ಅಂದ್ರು. ದೆವ್ವ ಬಂದು ಅಡಿಗಿ ಮನಿ ಬಾಗಿಲದಾಗ ನಿಲ್ಲೂದು ಓದಿದೆ.

“ಸತ್ತ ಮ್ಯಾಲೂ ಅಡಿಗಿ ಮನಿಗೇ ಬಂದಾನೇನು? ಗಂಡಸೂರು ಎಲ್ಲಾ ಅಷ್ಟೇ” ಅಂದ್ರು. ಎಷ್ಟೋ ದಿನದ ಮ್ಯಾಲೆ ಅಷ್ಟುದ್ದ ಮಾತು! ನನಗ ಎಷ್ಟು ಖುಷಿ ಆತಂದ್ರ ಮತ್ತಷ್ಟು ಜೋರಾಗಿ ಓದಿದೆ.

“ತಡಿ. ಆಕಿ ಮಡಿಯೊಳಗಿದ್ಲೇನು? ದೆವ್ವ ಮುಟ್ಟಿದ್ರ ಮಡಿ ಹೋಗ್ತದೋ ಇಲ್ಲೋ?”

“ಅದೆಲ್ಲಾ ಬರದಿಲ್ಲ, ಅತ್ಯಾ.”

ಮುಂದ ಆ ಇಬ್ಬರದು ಸ್ವಲ್ಪ ಸಲಿಗಿ ಹೆಚ್ಚಾತು. ಅತ್ತಿ ಮುಂದ ಹೆಂಗ ಓದೂದು? ಸಾವಕಾಶ ಮುಂದಿನ ಪ್ಯಾರಾಕ್ಕ ಹಾರಿದೆ. ಅತ್ತಿಯವರು ಕಣ್ಣು ಮುಚ್ಕೊಂಡೇ ಅಂದ್ರು:

“ನಾಕು ಸಾಲು ಜಿಗದಿ. ಹಿಂದಕ್ಕ ಹೋಗು.”

೩. ಮಾನ್ವಿ ಅಜ್ಜಿಯ ಪರಿಹಾರ

ಬ್ಯಾಸರ ಕಳೀಲಿ ಅಂತ ಅವರನ್ನ ಮಾನ್ವಿಗೆ, ನನ್ನ ತವರಮನಿಗೆ ಕರಕೊಂಡು ಹೋದೆ. ಅಲ್ಲಿ ನಮ್ಮಜ್ಜಿಗೆ ಅತ್ತಿಯವರೇ ಕಥಿ ಹೇಳಿದ್ರು. ಹೆಂಡ್ತಿ ತನ್ನ ಬಾಯಿಂದ “ಹೋಗು” ಅನ್ನೂ ತನಕ ದೆವ್ವ ಹೋಗೂದಿಲ್ಲ ಅನ್ನೂದನ್ನೂ ಹೇಳಿದ್ರು. ಅಜ್ಜಿ ಲೊಚಗುಟ್ಟಿದ್ಲು.

“ಪಾಪ, ಅವಗ ಗತಿ ಸಿಕ್ಕಿಲ್ಲ. ಗೋಕರ್ಣಕ್ಕ ಹೋಗಿ ನಾರಾಯಣ ಬಲಿ ಮಾಡಸ್ಬೇಕು. ಆ ಹುಡುಗಿ ಫೋನ್ ನಂಬರ್ ಕೊಡು, ನಾ ಹೇಳ್ತೀನಿ.”

ಅತ್ತಿಯವರಿಗೆ ಸಿಟ್ಟು ಬಂತು. “ಯಾಕ್ರೀ ಕಳಸ್ಬೇಕು ಅವನ್ನ? ಯಾರಿಗೇನು ತ್ರಾಸ ಕೊಟ್ಟಾನ? ಬಂದು ಬಾಗಿಲದಾಗ ನಿಲ್ತಾನ, ಅಷ್ಟೇ. ನಿಲ್ಲಲಿ.”

ನಾನೇ ನಡುವ ಬಾಯಿ ಹಾಕಿದೆ. “ಅಜ್ಜಿ, ಅದು ಕಾದಂಬರಿ. ಆ ಮಂದಿ ಯಾರೂ ಇಲ್ಲೇ ಇಲ್ಲ.”

ಅಜ್ಜಿ ಸ್ವಲ್ಪ ವಿಚಾರ ಮಾಡಿ, “ಹಂಗಾರ ಬರದವರಿಗೆ ಹೇಳು. ಎರಡನೇ ಭಾಗದಾಗಾದ್ರೂ ಮಾಡಸ್ಲಿ” ಅಂದ್ಲು.

೪. ಕಾಗಿ ಬರವಲ್ದು

ಕಡೀ ಅಧ್ಯಾಯ ಬಂತು. ಅತ್ತಿಯವರು “ಸಾಕು, ನಾಳೆ” ಅಂದ್ರು. ಮರುದಿನಾನೂ “ನಾಳೆ.” ಆಮ್ಯಾಲೆ ಪುಸ್ತಕ ತಗದ್ರ ಎದ್ದೇ ಹೋಗ್ತಿದ್ರು. ನಾನೂ ಒತ್ತಾಯ ಮಾಡ್ಲಿಲ್ಲ.

ಮಾವನವರ ಮೊದಲನೇ ವರ್ಷದ ಶ್ರಾದ್ಧ ಬಂತು. ಪಿಂಡ ಮಾಳಗಿ ಮ್ಯಾಲೆ ಇಟ್ವಿ. ಕಾಗಿ ಬಂದು ಮುಟ್ಟಿದ ಮ್ಯಾಲೇನೇ ನಮ್ಮ ಊಟ. ಮುಟ್ಟಲಿಲ್ಲಂದ್ರ ಹೋದವರಿಗೆ ಏನೋ ಆಸೆ ಉಳದದ ಅಂತ ಲೆಕ್ಕ. ಅದೇನು ಅಂತ ತಿಳಕೊಂಡು ನಡಸ್ತೀವಿ ಅಂತ ಮಾತು ಕೊಡಬೇಕು. ಕಾಗಿ ಬಂತು, ಬಾಜೂ ಮನಿ ನೀರಿನ ಟ್ಯಾಂಕಿನ ಮ್ಯಾಲೆ ಕೂತು ನಮ್ಮನ್ನೇ ನೋಡ್ಲಿಕ್ಕತ್ತು.

ನಮ್ಮವರು ಕೈಮುಗದು, “ಅಪ್ಪಾ, ನಿನ್ನ ಸ್ಕೂಟರ್ ಮಾರೂದಿಲ್ಲ” ಅಂದ್ರು. ಕಾಗಿ ಅಲ್ಲಾಡ್ಲಿಲ್ಲ. “ಅವ್ವನ್ನ ಚೆಂದ ನೋಡ್ಕೋತೀವಿ” ಅಂದ್ರು. ಅದು ಆ ಕಡೆ ಮುಖ ಮಾಡ್ತು. ಬಿಸಲು ನೆತ್ತಿ ಸುಡ್ಲಿಕ್ಕತ್ತಿತ್ತು, ಎಲ್ಲಾರ ಹೊಟ್ಟಿ ತಾಳ ಹಾಕ್ಲಿಕ್ಕತ್ತಿತ್ತು.

ಅತ್ತಿಯವರು ಮೆಲ್ಲಕ, “ಅವೇನೂ ಅಲ್ಲ. ಅವರಿಗೆ ಕಥಿ ಮುಗೀಬೇಕಾಗ್ಯಾದ. ಪುಸ್ತಕ ತಾ” ಅಂದ್ರು.

“ಯಾವ ಕಥಿ?” ಅಂದ್ರು ಶ್ರಾದ್ಧ ಮಾಡ್ಸೂ ಆಚಾರ್ರು. ಹೇಳಿದೆ. ಬೈತಾರ ಅನ್ಕೊಂಡ್ರ, ಮಡಿಯೊಳಗ ಬಸ್ ಸ್ಟ್ಯಾಂಡಿನ ಪುಸ್ತಕ ಹೆಂಗ ಮುಟ್ತೀ ಅಂತ ಅದಕ್ಕ ಮಂತ್ರ ಹೇಳಿ ನೀರು ಚಿಮುಕಿಸಿ ಶುದ್ಧ ಮಾಡಿ ಕೊಟ್ರು. ಎಲ್ಲಾರೂ ನೆಲಕ್ಕ ಕೂತ್ರು.

ಓದಿದೆ. ದೆವ್ವ ಬಾಗಿಲದಾಗ ನಿಂತದ. ಹೆಂಡ್ತಿ “ಹೋಗು” ಅನ್ಬೇಕು. ಆ ಸಾಲಿಗೆ ಬಂದು ಅತ್ತಿಯವರ ಮುಖ ನೋಡಿದೆ. ಅತ್ತಿಯವರು ಪುಸ್ತಕದ ಕಡೆ ನೋಡ್ಲಿಲ್ಲ. ಟ್ಯಾಂಕಿನ ಕಡೆ ನೋಡಿ, “ಹೋಗ್ರಿ. ನಾ ಇರ್ತೀನಿ” ಅಂದ್ರು. ಅಂದವರೇ ಸೆರಗು ಬಾಯಿಗೆ ಒತ್ಕೊಂಡು ಅಳ್ಲಿಕ್ಕತ್ರು. ಒಂದು ವರ್ಷದ ಅಳು, ತಡದಷ್ಟೂ ಬಂತು. ನಾ ಅವರನ್ನ ತೆಕ್ಕಿಗೆ ತಗೊಂಡೆ. ನನಗ ಒಳಗ ಹಗುರಾತು.

ಕಾಗಿ ಇಳದು ಬಂತು. ಪಿಂಡ ಮುಟ್ಟಿತು. ಬಾಜೂಕ ಇಟ್ಟಿದ್ದ ವಡಿನೂ ತಿಂತು. ತಿಂದು ಹಾರಿ ಹೋಗ್ತದ ಅಂದ್ರ, ಕಟ್ಟಿ ಮ್ಯಾಲೆ ಏರಿ ಆರಾಮ ಕೂತ್ಕೊಂಡು ಬಿಡ್ತು.

ಅತ್ತಿಯವರು ಕಣ್ಣು ಒರಸ್ಕೋತ ನನಗ ಅಂದ್ರು: “ನೋಡಿದಿ? ಹೋಗ್ರಿ ಅಂದ್ರೂ ಹೋಗವಲ್ರು. ಇದ್ದಾಗೂ ಹಿಂಗೇ. ಒಮ್ಮೆ ಹೇಳಿದ್ರ ಕೇಳಿದ್ದೇ ಇಲ್ಲ!”

ಆಚಾರ್ರು ಶಲ್ಯದ ತುದಿಯಿಂದ ಮೂಗು ಒರಸ್ಕೊಂಡು, ನನ್ನ ಕೈಯೊಳಗಿನ ಪುಸ್ತಕ ಇಣುಕಿ ನೋಡಿದ್ರು.

“ಬೈಬ್ಯಾಡ್ರಿ, ಇನ್ನೂ ಎರಡು ಪುಟ ಅವ. ಕೇಳಿ ಹೋಗ್ತಾರ.”