ಮಂಡಿಗೆ ಎರಡಿಂಚು ಲೂಸು

ಇಪ್ಪತ್ತೆರಡು ವರ್ಷದಿಂದ ಪ್ಯಾಂಟು ಹೊಲಿಯುತ್ತಿರುವ ಟೈಲರ್ ನಾನು. ಈ ಬೀದಿಯ ಮಂಡಿಗಳೆಲ್ಲ ನನಗೆ ಬಾಯಿಪಾಠ. ಅಂಥವನು ಸ್ವಂತ ಮಂಡಿನೋವಿಗೆ ಇನ್ನೊಬ್ಬರ ಬಾಗಿಲು ತಟ್ಟುವುದೇ? ಛೆ! ರೋಗ ನಾನೇ ಹಿಡಿಯುತ್ತೇನೆ, ನಾನೇ ವಾಸಿ ಮಾಡುತ್ತೇನೆ ಎಂದು ಘೋಷಿಸಿಬಿಟ್ಟೆ.

"ಇನ್ನೆರಡು ತಿಂಗಳಲ್ಲಿ ಮ್ಯಾಚಿದೆ ರೀ, ನೆನಪಿರ್ಲಿ" ಎಂದಳು ಹೆಂಡತಿ. ಬೀದಿಯ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಅವಳೇ ನನ್ನ ಜೋಡಿ. ಎದುರು ಸಲೂನಿನವನಿಗೂ ಅವನ ತಂಗಿಗೂ ಮೂರು ವರ್ಷದಿಂದ ಸೋಲುತ್ತಿದ್ದೇವೆ. ಸೋಲಿಗೆಲ್ಲ ಈ ಮಂಡಿಯೇ ಕಾರಣ ಎಂಬುದು ನನ್ನ ಅಚಲ ಸಿದ್ಧಾಂತ.

ಟೇಪು ತೆಗೆದೆ. ಬಲ ಮಂಡಿಯನ್ನು ಅವಳು ಅಳೆದಳು, ಹದಿನಾಲ್ಕೂವರೆ. ನೋಯುವ ಎಡ ಮಂಡಿಯನ್ನು ನಾನೇ ಅಳೆದು ಪುಸ್ತಕದಲ್ಲಿ ಬರೆದೆ, ಹದಿನಾರೂವರೆ. ಎರಡಿಂಚು ಊತ! "ಲಿಗಮೆಂಟು ಹರಿದಿದೆ, ನೀರು ತುಂಬಿದೆ" ಎಂದು ತೀರ್ಪಿತ್ತು, ಹತ್ತು ದಿನ ಐಸು ಇಟ್ಟುಕೊಂಡು ಸೋಫಾದಲ್ಲಿ ಪವಡಿಸಿದೆ. ಕಾಲಿಗೆ ಸುತ್ತಿದ ಬಟ್ಟೆಯಲ್ಲಿ ಒಂದು ಪ್ಯಾಂಟೇ ಆಗುತ್ತಿತ್ತು. ನೋವು ಮಾತ್ರ ಜಗ್ಗಲಿಲ್ಲ. ಇನ್ನು ಆಟ ಮುಗಿಯಿತೇನೋ ಎಂದು ನಿಜಕ್ಕೂ ಹೆದರಿದೆ.

ಹೆಂಡತಿ ಫಿಸಿಯೋಥೆರಪಿಸ್ಟ್ ಹತ್ತಿರ ಎಳೆದುಕೊಂಡು ಹೋದಳು. ಆಕೆ ನನ್ನ ಪುಸ್ತಕದ ಲೆಕ್ಕ ನೋಡಿ, ಎರಡೂ ಮಂಡಿ ಅಳೆದರು.

"ಎರಡೂ ಒಂದೇ ಇದೆಯಲ್ಲ. ಎರಡಿಂಚು ಎಲ್ಲಿಂದ ಬಂತು?"

"ಕೈ ಅಭ್ಯಾಸ ಮೇಡಂ" ಎಂದಳು ಹೆಂಡತಿ. "ಪ್ಯಾಂಟಿಗೆ ಸೇರಿಸೋ ಹಾಗೆ ಲೂಸು ಸೇರಿಸಿ ಬರ್ದಿದ್ದಾರೆ."

ಆಕೆ ಮಂಡಿಯನ್ನು ಎತ್ತ ಮಡಿಸಿದರೂ ನೋವಿಲ್ಲ. ತೊಡೆಯನ್ನು ಸೊಂಟದ ಕೀಲಿನಲ್ಲಿ ತಿರುಗಿಸಿದರೋ ಇಲ್ಲವೋ, ಮಂಡಿಯಲ್ಲಿ ಚಳಕ್ ಎಂದಿತು! ಮಗ್ಗುಲಾಗಿ ಮಲಗಿಸಿ ಕಾಲೆತ್ತಲು ಹೇಳಿ, ಎರಡೇ ಬೆರಳಲ್ಲಿ ಒತ್ತಿದರು. ಕಾಲು ದೊಪ್ಪನೆ ಬಿತ್ತು.

"ತೊಂದರೆ ಇರೋದು ಸೊಂಟದಲ್ಲಿ. ಅಲ್ಲಿನ ಸ್ನಾಯು ಬಲ ಕಳ್ಕೊಂಡಿದೆ, ನೋವು ಮಂಡಿಯಲ್ಲಿ ಕಾಣಿಸ್ಕೊಳ್ತಿದೆ."

"ಸೊಂಟ ಸರಿಯಾಗೇ ಇದೆ ಮೇಡಂ, ಮೂವತ್ತಾರು."

"ನಾನು ಅಳತೆ ಕೇಳಲಿಲ್ಲ. ಆರು ವಾರ ವ್ಯಾಯಾಮ ಮಾಡಿ, ಆಡಬಹುದು."

ಆಡಬಹುದು! ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು. ಆರು ವಾರ ಹೆಂಡತಿ ಎಣಿಸಿದಳು, ನಾನು ಕಾಲೆತ್ತಿದೆ.

ಮ್ಯಾಚಿನ ದಿನ ಅಂಕಣದ ಮೂಲೆ ಮೂಲೆಗೂ ಓಡಿದೆ, ನೆಗೆದೆ, ಬಗ್ಗಿದೆ. ಮಂಡಿ ಚಕಾರ ಎತ್ತಲಿಲ್ಲ. ಎಷ್ಟು ಸಂತೋಷವಾಯಿತೆಂದರೆ, ಇಪ್ಪತ್ತೊಂದು-ಒಂಬತ್ತರಲ್ಲಿ ಸೋತದ್ದೇ ಗೊತ್ತಾಗಲಿಲ್ಲ.

"ಮಂಡಿ ನೋಯ್ತಾ ರೀ?" ಎಂದಳು ಹೆಂಡತಿ.

"ಒಂಚೂರೂ ಇಲ್ಲ ಕಣೇ!"

"ಹಾಗಾದ್ರೆ ಕಾಲಿನ ಕಾಯಿಲೆ ವಾಸಿಯಾಯ್ತು. ಇನ್ನು ಆಟದ್ದು. ನಾಳೆ ಬೆಳಿಗ್ಗೆ ಆರಕ್ಕೆ ಏಳಿ. ನಿಮಗೆ ಸರ್ವಿಸ್ ಮಾಡೋದು ಹೇಳ್ಕೊಡೋಕೆ ಸಲೂನಿನವನ ತಂಗಿ ಒಪ್ಕೊಂಡಿದ್ದಾಳೆ."