ಬೆಳ್ಳುಳ್ಳಿ ಬೆಣ್ಣೆಯ ಮಟನ್ನೂ ಖಾಲಾ ಮನೆಯ ಬಟ್ಟಲುಗಳೂ

ನೆರೆಮನೆಯಿಂದ ಬಂದ ಬಟ್ಟಲನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮ ಕಡೆಯ ಕಟ್ಟುಪಾಡು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ; ಆದರೂ ಯಡ್ರಾಮಿಯಿಂದ ಆಳಂದದವರೆಗೆ ಎಲ್ಲರಿಗೂ ಗೊತ್ತು. ಪುಂಡಿಪಲ್ಯ ಬಂದ ಬಟ್ಟಲಲ್ಲಿ ಪಾಯಸ ಹೋಗುತ್ತದೆ, ಪಾಯಸ ಹೋದ ಬಟ್ಟಲು ಮತ್ತೆಂದೋ ಶೇಂಗಾ ಹಿಂಡಿ ತುಂಬಿಕೊಂಡು ಬರುತ್ತದೆ. ಹೀಗೆ ಎರಡು ಮನೆಗಳ ನಡುವೆ ಓಡಾಡಿ ಓಡಾಡಿ, ಬಟ್ಟಲು ಮೂಲತಃ ಯಾರದು ಎಂಬುದೇ ಮರೆತುಹೋಗುತ್ತದೆ. ಚೆಂದದ ಪದ್ಧತಿ. ಆದರೆ ಅಡುಗೆ ಬಾರದ ಒಬ್ಬನ ಕೈಗೆ ಆ ಬಟ್ಟಲು ಸಿಕ್ಕಿತೋ, ಅದರ ಓಡಾಟ ಅಲ್ಲಿಗೇ ನಿಂತಿತು. ಆ ಒಬ್ಬ ನಾನು.

ಅಫಜಲಪುರದ ಒಂದು ಕಚೇರಿಯಲ್ಲಿ ಮಳೆ, ಬಿತ್ತನೆ, ಇಳುವರಿಗಳ ಅಂಕಿ ತುಂಬುವುದು ನನ್ನ ಕೆಲಸ. ಆ ಚಟ ಮನೆಗೂ ಬಂದಿದೆ. ದಿನಾ ಡೈರಿಯಲ್ಲಿ ತಾರೀಖು ಹಾಕಿ ಎದ್ದ ಹೊತ್ತು, ಉಂಡದ್ದು, ಮಾತಾಡಿದ ಮಂದಿ ಎಷ್ಟು ಎಂದು ಬರೆದು ವಾರದ ಕೊನೆಗೆ ಮೊತ್ತ ಕಟ್ಟುತ್ತೇನೆ. ಕಚೇರಿಯ ಉಳಿದವರೆಲ್ಲ ಕಲಬುರಗಿಯಿಂದ ಬಂದು ಹೋಗುವವರು. ಸಂಜೆಯ ಬಸ್ಸು ಹೊರಟಿತೆಂದರೆ ಊರಲ್ಲಿ ನನ್ನ ಪರಿಚಯದವರು ಮುಗಿದರು. ಹೀಗಾಗಿ ಭಾನುವಾರಗಳಲ್ಲಿ ‘ಮಾತಾಡಿದ ಮಂದಿ’ ಎಂಬ ಕಡೆ ಸಾಮಾನ್ಯವಾಗಿ ಸೊನ್ನೆ. ಒಮ್ಮೆ ಆ ಸೊನ್ನೆಯನ್ನು ನೋಡಲಾರದೆ, ಕಿರಾಣಿ ಅಂಗಡಿಯವರಿಗೆ ‘ಚಿಲ್ಲರೆ ಇಲ್ರಿ’ ಅಂದದ್ದನ್ನೇ ಹಿಡಿದು ಒಂದು ಎಂದು ಬರೆದೆ. ಮರುದಿನ ಮನಸ್ಸು ಒಪ್ಪದೆ ಹೊಡೆದುಹಾಕಿದೆ. ಯಡ್ರಾಮಿಯಿಂದ ಅವ್ವ ಫೋನು ಮಾಡಿ “ಊಟ ಆತೇನೋ?” ಎಂದು ಕೇಳುತ್ತಾಳೆ. “ಆತಬೇ” ಅನ್ನುತ್ತೇನೆ, ಆಗದಿದ್ದರೂ. ಫೋನಿನ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೆಕ್ಕವೆಂದ ಮೇಲೆ ಒಂದು ಶಿಸ್ತು ಬೇಕಲ್ಲ.

ನಾನಿರುವುದು ಖಾಲಾ ಅವರ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಇವರು ಮನೆಯ ಯಜಮಾನಿ. ಓಣಿಯವರೆಲ್ಲ ಹಾಗೇ ಕರೆಯುವುದರಿಂದ ನಾನೂ ಕರೆಯುತ್ತೇನೆ. ಕೆಳಗೆ ಅವರು ಮತ್ತು ಸೊಸೆ ಶಬಾನಾ ಭಾಬಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಾರೆ. ಮಗ ರಫೀಕಣ್ಣ ಟೆಂಪೊ ಓಡಿಸುತ್ತಾರೆ. ನಾನು ಬಂದ ಹೊಸದರಲ್ಲಿ ವಾರಕ್ಕೊಮ್ಮೆಯಾದರೂ ಕೆಳಗಿನಿಂದ ಮೆಟ್ಟಿಲು ಹತ್ತಿ ಒಂದು ಸ್ಟೀಲಿನ ಬಟ್ಟಲು ಬರುತ್ತಿತ್ತು. ಬಗಾರಾ ಅನ್ನ, ಖಟ್ಟಾ ದಾಲ್, ಒಮ್ಮೆ ಹಬ್ಬದ ಶೀರ್‌ಖುರ್ಮಾ. ಉಣ್ಣುತ್ತಿದ್ದೆ, ಬಟ್ಟಲನ್ನು ಹೊಳೆಯುವಂತೆ ತೊಳೆಯುತ್ತಿದ್ದೆ, ಆಮೇಲೆ ಅದರಲ್ಲಿ ಏನು ಹಾಕಿ ಕೊಡಲಿ ಎಂದು ಯೋಚಿಸುತ್ತ ಕೂರುತ್ತಿದ್ದೆ. ನನಗೆ ಬರುವುದು ಅನ್ನ ಮತ್ತು ತತ್ತಿ. ಬಗಾರಾ ಬಂದ ಬಟ್ಟಲಲ್ಲಿ ಮುದ್ದೆಯಾದ ಅನ್ನ ಕಳಿಸುವುದು ಹೇಗೆ? ಏನಾದರೂ ಒಳ್ಳೆಯದು ಕಲಿತ ಮೇಲೆ ಕೊಟ್ಟರಾಯಿತೆಂದು ಬಟ್ಟಲನ್ನು ಗೋಡೆಯ ಗೂಡಿನಲ್ಲಿ, ಅಂದರೆ ಮಾಡದಲ್ಲಿ, ಇಟ್ಟೆ. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಬರಬರುತ್ತ ಬಟ್ಟಲು ಬರುವುದೇ ನಿಂತಿತು. ಮೆಟ್ಟಿಲಲ್ಲಿ ಎದುರಾದರೆ ಮೊದಲು ನಿಂತು ಮಾತಾಡಿಸುತ್ತಿದ್ದ ಖಾಲಾ, ಸೆರಗು ಸರಿಮಾಡಿಕೊಂಡು ಸುಮ್ಮನೆ ಹೋಗತೊಡಗಿದರು. ನನ್ನ ಡೈರಿಯ ಸೊನ್ನೆಗಳು ಭಾನುವಾರ ದಾಟಿ ಉಳಿದ ರಜೆಗಳಿಗೂ ಹಬ್ಬಿದವು. ಎಲ್ಲಿ ತಪ್ಪಿದೆನೆಂದು ಎಷ್ಟು ಹುಡುಕಿದರೂ ತಿಳಿಯಲಿಲ್ಲ. ಮಾಡದ ಕಡೆ ಮಾತ್ರ ನೋಡಿರಲಿಲ್ಲ.

ಆ ದಿನಗಳಲ್ಲೇ ಮೊಬೈಲಿನಲ್ಲಿ ಆ ವಿಡಿಯೊ ಕಂಡದ್ದು. ಯಾವುದೋ ದೇಶದ ಗಡ್ಡದವನೊಬ್ಬ ಎಲುಬಿಲ್ಲದ ಮಾಂಸವನ್ನು ಚೌಕ ಚೌಕ ಕತ್ತರಿಸಿ, ಖಾರ ಸವರಿ, ಕಾದ ಕಬ್ಬಿಣದ ಮೇಲೆ ಚುರ್ ಅನ್ನಿಸಿ, ಮೇಲೆ ಬೆಣ್ಣೆ ಮತ್ತು ಜಜ್ಜಿದ ಬೆಳ್ಳುಳ್ಳಿ ಸುರಿದ. ಸ್ಟೇಕ್ ಬೈಟ್ಸ್ ಎಂದು ಅದರ ಹೆಸರು. ಉಪ್ಪಿಟ್ಟಿಗೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೊನೆಗೆ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ತಲೆಯಾಡಿಸಿದ. ಅಷ್ಟು ದೊಡ್ಡ ಅಡುಗೆಮನೆಯಲ್ಲಿ ಅವನೊಬ್ಬನೇ ಇದ್ದ, ನಿಂತುಕೊಂಡೇ ತಿಂದ. ಇವನೂ ನಮ್ಮವನೇ ಎಂದು ನನಗೆ ನಂಬಿಕೆ ಬಂತು. ಇದನ್ನೇ ಮಾಡಿ ಎಲ್ಲ ಬಟ್ಟಲುಗಳನ್ನೂ ಒಂದೇ ಸಲಕ್ಕೆ ತುಂಬಿ ಕಳಿಸುತ್ತೇನೆ, ಕೆಳಗಿನವರು ಮತ್ತೆ ಮಾತಾಡುತ್ತಾರೆ ಎಂದು ನಿಶ್ಚಯಿಸಿದೆ.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗೆ ಹೋಗಿ ಎಲುಬಿಲ್ಲದ ತೊಡೆಯ ಮಾಂಸ ಕೇಳಿದೆ. ಅಂಗಡಿಯಾತ ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೆಂದು ಕೇಳಿದ. ಇಲ್ಲವೆಂದೆ. ಹಾಗಾದರೆ ಹಲ್ಲು ಬಿದ್ದ ಮುದುಕರಿದ್ದಾರೇನೆಂದ. ಅವರೂ ಇಲ್ಲವೆಂದೆ. ಎಲುಬು ಬಿಟ್ಟು ಮಟನ್ ಒಯ್ಯುವುದು ಅವನಿಗೆ ಲಗ್ನಕ್ಕೆ ಹೋಗಿ ಉಣ್ಣದೆ ಬರುವಷ್ಟು ತಪ್ಪಾಗಿ ಕಂಡಿರಬೇಕು. ಕೇಳಿದ್ದನ್ನು ಕತ್ತರಿಸಿಕೊಟ್ಟು, ಮನಸ್ಸು ತಡೆಯದೆ ಎರಡು ನಳ್ಳಿ ಎಲುಬುಗಳನ್ನೂ ಚೀಲಕ್ಕೆ ಹಾಕಿದ. ಮಾಂಸ ಮೆತ್ತಗೈತೇನು ಎಂದು ನಾನು ಕೇಳಬೇಕಿತ್ತು. ಎಳೆಯದೋ ಬಲಿತದ್ದೋ ಎಂದೂ ನೋಡಬೇಕಿತ್ತು. ನಾನು ನೋಡಿದ್ದು ತುಂಡು ಚೌಕವಾಗಿದೆಯೋ ಇಲ್ಲವೋ ಎಂಬುದನ್ನು.

ಕೋಣೆಗೆ ಬಂದು ಅವ್ವ ಕೊಟ್ಟ ಕಬ್ಬಿಣದ ಹಂಚನ್ನು ಕಾಯಿಸಿದೆ. ಹಂಚು ಹೊಗೆಯಾಡುವವರೆಗೆ ಕಾಯಬೇಕು ಎಂದು ವಿಡಿಯೊ ಹೇಳಿತ್ತು, ಕಾದೆ. ತುಂಡುಗಳನ್ನು ಮುಟ್ಟದೆ ಬಿಡಬೇಕು ಎಂದಿತ್ತು, ಕೈ ಕಟ್ಟಿ ನಿಂತೆ. ಆಮೇಲೆ ಬೆಣ್ಣೆ, ಬೆಳ್ಳುಳ್ಳಿ ಹಾಕಿ, ಇನ್ನಷ್ಟು ಖಾರವಿರಲಿ ಎಂದು ಮನೆಯಿಂದ ತಂದ ಕೆಂಪು ಖಾರದ ಪುಡಿಯನ್ನು ಆ ಕಾದ ಬೆಣ್ಣೆಗೇ ಸುರಿದೆ. ಗಡ್ಡದವನ ಖಾರ ಬೇರೆ, ನಮ್ಮವ್ವನ ಖಾರ ಬೇರೆ. ಘಾಟು ಮೊದಲು ನನ್ನ ಕಣ್ಣಿಗೆ, ಆಮೇಲೆ ಗಂಟಲಿಗೆ, ಅಲ್ಲಿಂದ ಬಾಗಿಲು ದಾಟಿ ಮೆಟ್ಟಿಲಿಳಿದು ಹೊಲಿಗೆ ಯಂತ್ರದ ಕೋಣೆಗೆ ಹೋಯಿತು. ಕೆಳಗೆ ಯಂತ್ರದ ಸದ್ದು ನಿಂತು ಕೆಮ್ಮಿನ ಸದ್ದು ಶುರುವಾಯಿತು. ಅಳತೆ ಕೊಡಲು ಬಂದ ಹೆಂಗಸರು ಅಂಗಳಕ್ಕೆ ಓಡಿದ್ದು ಕಿಟಕಿಯಿಂದ ಕಂಡಿತು. ಮರುಗಳಿಗೆಯಲ್ಲಿ ಸೆರಗನ್ನು ಮೂಗಿಗೆ ಹಿಡಿದು ಖಾಲಾ ಬಾಗಿಲಲ್ಲಿ ನಿಂತಿದ್ದರು. ಎಷ್ಟೋ ವಾರಗಳ ಮೇಲೆ ನನ್ನ ಕೋಣೆಗೆ ಬಂದ ಮೊದಲ ಮನುಷ್ಯರು.

“ಏನ್ ಸುಡಾಕತ್ತೀಯೋ ಬೇಟಾ? ಮಂದೀನ ಓಣಿ ಬಿಡಸ್ತೀ ಏನು?”

ಒಲೆ ಆರಿಸಿದೆ. ಅಡುಗೆ ಮಾಡುತ್ತಿದ್ದೇನೆ ಎಂದು ಹೇಳಲು ಕೆಮ್ಮು ಬಿಡಲಿಲ್ಲ, ಹಂಚನ್ನು ತೋರಿಸಿದೆ. ಖಾಲಾ ಒಂದು ತುಂಡು ಎತ್ತಿ ಬಾಯಿಗಿಟ್ಟುಕೊಂಡರು. ಅಗಿದರು. ಈ ಕೆನ್ನೆಯಿಂದ ಆ ಕೆನ್ನೆಗೆ ಹಾಕಿ ಮತ್ತೆ ಅಗಿದರು. ಅಗಿಯುತ್ತಲೇ ಅವರ ಕಣ್ಣು ಕೋಣೆಯ ಸುತ್ತ ತಿರುಗಿ ಮಾಡದ ಮೇಲೆ ನಿಂತಿತು. ಅಲ್ಲಿ ಅವರ ಬಟ್ಟಲುಗಳು ಸಾಲಾಗಿ ಹೊಳೆಯುತ್ತಿದ್ದವು. ಪ್ರತಿಯೊಂದರ ಅಂಚಿನಲ್ಲೂ ಅವರ ತೀರಿಹೋದ ಯಜಮಾನರ ಹೆಸರು.

“ಇವೆಲ್ಲ ಇಲ್ಲೇ ಅದಾವಲ್ಲೋ” ಅಂದರು ಮೆಲ್ಲಗೆ.

ಖಾಲಿ ಹೇಗೆ ಕೊಡುವುದೆಂದು ಇಟ್ಟುಕೊಂಡಿದ್ದೆ, ಈ ಮಟನ್ ಅವಕ್ಕಾಗಿಯೇ ಮಾಡಿದ್ದು ಎಂದೆ. ಖಾಲಾ ನನ್ನ ಒಂದೇ ಕುರ್ಚಿಯ ಮೇಲೆ ಕುಳಿತರು.

“ನಾ ಏನ್ ತಿಳಕೊಂಡಿದ್ನಿ ಗೊತ್ತೈತೇನು? ನಮ್ಮ ಮನಿದು ನಿನಗ ನಡ್ಯಂಗಿಲ್ಲ, ಬಾಯಿಬಿಟ್ಟು ಹೇಳಾಕ ನಾಚ್ಕೊಂಡು ಎಲ್ಲಿಯೋ ಚೆಲ್ತೀದಿ ಅಂತ. ಬಟ್ಟಲಾ ಸುದ್ದಾ ಹೊಳ್ಳಿ ಬರಲಿಲ್ಲಲ್ಲ. ಅದಕ್ಕ ಕಳಸೋದು ಬಿಟ್ನಿ.”

ಒಂದು ಅಗುಳೂ ಚೆಲ್ಲಿಲ್ಲ, ಬೆರಳು ನೆಕ್ಕಿ ಉಂಡಿದ್ದೇನೆ ಎಂದು ಹೇಳಿದೆ. ಅದು ಅವರಿಗೆ ಸಾಕಾಯಿತೆಂದು ಕಾಣುತ್ತದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲ ಖಾರದ ಘಾಟು ಎಂದರು.

“ಖಾಲಿ ಬಟ್ಟಲಾಗ ಒಂದು ಚಮಚ ಸಕ್ರಿ ಹಾಕಿ ಕೊಟ್ಟಿದ್ರ ಮುಗೀತಿತ್ತು. ಇಷ್ಟು ಓದೀದಿ, ನಿಮ್ಮವ್ವ ಇದೊಂದು ಹೇಳಿಲ್ಲೇನು?”

ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬಟ್ಟಲು ಕೊಟ್ಟು ಬರುವುದು ಅಕ್ಕಂದಿರ ಕೆಲಸವಾಗಿತ್ತು. ನಾನು ಒಳಗೆ ಕೂತು ಉಣ್ಣುವ ಕೆಲಸವನ್ನಷ್ಟೇ ಮಾಡಿದವನು.

ಖಾಲಾ ಮಾಂಸವನ್ನೂ ನಳ್ಳಿ ಎಲುಬನ್ನೂ ಬಟ್ಟಲುಗಳನ್ನೂ ನನ್ನನ್ನೂ ಕೆಳಗೆ ಕರೆದೊಯ್ದರು. ಮುಕ್ಕಾಲು ಪಾಲು ಕುಕ್ಕರಿಗೆ ಹೋಗಿ, ಸೀಟಿ ಮೇಲೆ ಸೀಟಿ ಹೊಡೆದು ಸಾರಾಯಿತು. ಉಳಿದ ತುಂಡುಗಳನ್ನು ಹಾಗೇ ಒಂದು ತಾಟಿನಲ್ಲಿಟ್ಟು, ಹುಡುಗ ಕಷ್ಟಪಟ್ಟು ಮಾಡ್ಯಾನ, ಎಲ್ಲರೂ ಒಂದೊಂದು ತಿನ್ನಲೇಬೇಕು ಎಂದರು. ನೆಲದ ಮೇಲೆ ಬಟ್ಟೆ ಹಾಸಿ ಸುತ್ತ ಕೂತೆವು. ರಫೀಕಣ್ಣ ಒಂದು ತುಂಡು ಬಾಯಿಗಿಟ್ಟರು, ಭಾಬಿ ಇಟ್ಟರು, ನಾನೂ ಇಟ್ಟೆ. ಆಮೇಲೆ ಬಹಳ ಹೊತ್ತು ಯಾರಿಗೂ ಮಾತಾಡಲು ಆಗಲಿಲ್ಲ. ನುಂಗಲು ಬಾರದು, ಉಗುಳಿದರೆ ಮರ್ಯಾದೆಯಲ್ಲ. ಒಬ್ಬರ ದವಡೆಯನ್ನು ಒಬ್ಬರು ನೋಡುತ್ತ ಕೂತೆವು. ಕೊನೆಗೆ ರಫೀಕಣ್ಣ, ಟೆಂಪೊದ ಟೈರೂ ಸವೀತೈತಿ, ಇದು ಸವ್ಯಂಗಿಲ್ಲ ಎಂದಾಗ ಭಾಬಿಗೆ ನಗು ತಡೆಯದೆ ನೆತ್ತಿಗೇರಿತು. ಕೋಣೆಯಲ್ಲಿ ನನ್ನ ಊಟ ಒಂದು ವಿಡಿಯೊ ಮುಗಿಯುವುದರೊಳಗೆ ಮುಗಿಯುತ್ತದೆ. ಅಂದು ಒಂದೇ ತುಂಡಿಗೆ ಎಲ್ಲರೂ ನನ್ನ ಜೊತೆ ಅಷ್ಟು ಹೊತ್ತು ಕೂತಿದ್ದರು. ಏಳುವ ಹಾಗೇ ಇರಲಿಲ್ಲ.

ಹಸಿ ಪಪ್ಪಾಯಿ ಕಾಯಿಯನ್ನು ತುರಿದು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಎಂಥ ಮಟನ್ನೂ ಬೆಣ್ಣೆಯಂತಾಗುತ್ತದೆ ಎಂದು ಖಾಲಾ ಹೇಳಿಕೊಟ್ಟರು. ಸಂಜೆ ಡೈರಿಯಲ್ಲಿ ತಾರೀಖು ಹಾಕಿ ಬರೆದುಕೊಂಡೆ, ಕೆಳಗೆ ಗೆರೆಯನ್ನೂ ಎಳೆದೆ. ಹೋದ ಭಾನುವಾರ ಅದೇ ಅಡುಗೆಯನ್ನು ಮತ್ತೆ ಮಾಡಿಕೊಂಡು ಕೆಳಗೆ ಹೋದೆ. ಖಾಲಾ ಒಂದು ತುಂಡು ಬಾಯಿಗಿಟ್ಟು, ಕೆನ್ನೆ ಬದಲಿಸಿ, ಪಪ್ಪಾಯಿ ಹಚ್ಚಲಿಲ್ಲವೇನೆಂದು ಕೇಳಿದರು. ಮರೆತೆನೆಂದೆ. ಏನನ್ನೂ ಮರೆಯಬಾರದೆಂದೇ ಡೈರಿ ಬರೆಯುವವನ ಈ ಮಾತನ್ನು ಅವರು ನಂಬಿದರೋ ಇಲ್ಲವೋ ತಿಳಿಯದು. ಅಗಿಯುತ್ತ ನನ್ನ ಪಕ್ಕದಲ್ಲೇ ಕೂತಿದ್ದರಲ್ಲ, ಅವರಿಂದ ಹೇಳಲಾಗಲಿಲ್ಲ.